ಅಂಬೂಬಾಯಿಗೆ ಹಾಕಿದ ಹಾರ

ಚಿತ್ರದ ಮೇಲಿನ ಬಿಳಿ ಪರದೆ ಸರಿದದ್ದೇ ತಡ, ಶಾಲೆಯ ಪಟಾಂಗಣದಲ್ಲಿ ಕಿಕ್ಕಿರಿದಿದ್ದ ಜನ "ಅಯ್ಯಯ್ಯ, ಥೇಟ್ ಅಂಬೂಬಾಯಿ!" ಎಂದು ಒಂದೇ ದನಿಯಲ್ಲಿ ಉದ್ಗರಿಸಿದರು. ಹೆಣ್ಣುಮಕ್ಕಳ ಸಾಲಿನಲ್ಲಿ ಮುಂದೆಯೇ ಕುಳಿತಿದ್ದ ದಾನಮ್ಮನ ಎದೆ ಮಾತ್ರ ಧಸಕ್ಕೆಂದಿತು. ಆ ಚಿತ್ರದಲ್ಲಿ ಅಂಬೂಬಾಯಿ ಎಲ್ಲಿದ್ದಳು? ಅಲ್ಲಿದ್ದವಳು ದಾನಮ್ಮ.

ಮೂಗಿನ ನತ್ತು ಅಂಬೂಬಾಯಿಯದು, ಇಳಕಲ್ಲ ಸೀರೆಯೂ ಅವಳದೇ. ಆದರೆ ಆ ಹಣೆ? ಎಡ ಹುಬ್ಬಿನ ತುದಿಗೆ ಚಿಕ್ಕಂದಿನಲ್ಲಿ ಬಿದ್ದು ಆದ ಗಾಯದ ಕಲೆ? ನಗು ತಡೆಯುವಾಗ ಒಂದು ಮಗ್ಗುಲಿಗೆ ಒಳಸರಿಯುವ ಆ ಕೆಳತುಟಿ? ಪ್ರತಿದಿನ ಮುಂಜಾನೆ ಕನ್ನಡಿಯಲ್ಲಿ ಕಾಣುವ ಮುಖವೇ ಈಗ ಇಡೀ ಸಿಂದಗಿ ಊರಿನ ಎದುರು ವೇದಿಕೆಯ ಮೇಲೆ ಕುಳಿತು ಅವಳನ್ನು ದಿಟ್ಟಿಸುತ್ತಿತ್ತು.

ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವಳ ಅಪ್ಪ ಶ್ರೀಶೈಲಪ್ಪ ಸೇವಂತಿಗೆಯ ದಪ್ಪ ಹಾರ ಹಿಡಿದು ಮೆಟ್ಟಿಲು ಹತ್ತಿದ. ಚಿತ್ರಕ್ಕೆ ಹಾರ ಹಾಕಿದ, ಊದಿನಕಡ್ಡಿ ಹಚ್ಚಿದ, ಕೈಮುಗಿದು ಕಣ್ಣೊರೆಸಿಕೊಂಡ. "ಅಂಬೂಬಾಯಿಯವರ ಆತ್ಮಕ್ಕ ಶಾಂತಿ ಸಿಗಲಿ" ಎಂದು ಮೈಕಿನಲ್ಲಿ ಹೇಳಿದ. ಬದುಕಿದ್ದವರ ಫೋಟೊಕ್ಕೆ ಹಾರ ಹಾಕಿದರೆ ಆಯುಷ್ಯ ತುಂಡಾಗುತ್ತದೆ ಎಂದು ಆ ಕಡೆ ಎಲ್ಲರೂ ನಂಬುತ್ತಾರೆ. ಪಿಯುಸಿ ಓದಿದ ದಾನಮ್ಮ ಇಂಥವನ್ನೆಲ್ಲ ನಕ್ಕು ಹಾರಿಸುವ ಹುಡುಗಿಯೇ. ಇಂದು ನಗು ಬರಲಿಲ್ಲ.

ಎಪ್ಪತ್ನಾಲ್ಕರ ಫೆಬ್ರುವರಿ ಅದು. ಹಿಂದಿನ ವಾರ ರೇಡಿಯೋದಲ್ಲಿ ಅಂಬೂಬಾಯಿ ಸೊಲ್ಲಾಪುರದಲ್ಲಿ ತೀರಿಕೊಂಡ ಸುದ್ದಿ ಬಂದಾಗ ಬಜಾರಿನ ಅರ್ಧ ಅಂಗಡಿಗಳು ತಾವಾಗಿಯೇ ಬಾಗಿಲು ಎಳೆದುಕೊಂಡಿದ್ದವು. ತಾಳಿಕೋಟೆಯ ನಾಟಕ ಕಂಪನಿಯ ನಾಯಕಿ ಎಂದರೆ ಸುಮ್ಮನೆಯೆ? ಕಾಳಿನ ಅಡತಿ ವ್ಯಾಪಾರಿ ಶ್ರೀಶೈಲಪ್ಪ ಹರೆಯದಲ್ಲಿ ಆ ಕಂಪನಿಯ ಬೆನ್ನು ಹತ್ತಿ ಇಂಡಿಯಿಂದ ಬಸವನ ಬಾಗೇವಾಡಿಯ ತನಕ ಚಕ್ಕಡಿಯಲ್ಲಿ ತಿರುಗಿದವನು. ಈಗ ಊರಿನ ನಾಟ್ಯ ಸಂಘಕ್ಕೆ ಅವನೇ ಅಧ್ಯಕ್ಷ. ವಿಚಿತ್ರವೆಂದರೆ, ಅವಳ ದನಿ ಎಲ್ಲರಿಗೂ ನೆನಪಿತ್ತು, ಮುಖ ಯಾರಿಗೂ ನೆನಪಿರಲಿಲ್ಲ. ಎಂದೋ ಗ್ಯಾಸಬತ್ತಿಯ ಬೆಳಕಿನಲ್ಲಿ, ದೂರದಲ್ಲಿ ಕುಳಿತು, ಬಣ್ಣ ಬಳಿದ ಮುಖ ಕಂಡವರೇ ಎಲ್ಲರೂ. ನತ್ತು ಇಟ್ಟರೆ ಸಾಕು, ಅವರ ಪಾಲಿಗೆ ಅದು ಅಂಬೂಬಾಯಿ.

ಚಿತ್ರ ಬರೆದವನು ಪೇಂಟರ್ ಮಡಿವಾಳಪ್ಪ.

ಬಸ್ ಸ್ಟ್ಯಾಂಡಿನ ಪಕ್ಕ ಅವನ ಚಿಕ್ಕ ಅಂಗಡಿ. ದಾನಮ್ಮ ಹೊಲಿಗೆ ಕ್ಲಾಸಿಗೆ ಹೋಗುವ ದಾರಿಯೂ ಅದೇ. ಕಿವಿಯ ಮೇಲೆ ಕುಂಚ, ಕೂದಲಲ್ಲಿ ಯಾವಾಗಲೂ ಒಂದು ಬಣ್ಣ. ಅವಳು ಬರುವುದು ಕಂಡರೆ ಅವನು ಬೋರ್ಡಿಗೆ ಇನ್ನಷ್ಟು ಹತ್ತಿರ ಮುಖ ಒಯ್ದು, ಭಾರೀ ಕೆಲಸದಲ್ಲಿದ್ದವನಂತೆ ನಟಿಸುತ್ತಿದ್ದ.

"ನಮ್ಮ ಕ್ಲಾಸಿನ ಬೋರ್ಡು ಆತೇನ್ರಿ, ಪೇಂಟರ ಸಾಹೇಬ್ರ?"

"ಬಣ್ಣ ಇನ್ನಾ ಒಣಗವಲ್ದ್ರಿ."

"ಒಂದ ತಿಂಗಳಾತಲ್ರಿ! ಈ ಬಿಸಿಲಾಗ?"

"ನೀವು ದಿನಾ ಬಂದು ಕೇಳಾಕತ್ರ ಅದು ಹೆಂಗ ಒಣಗತೈತ್ರಿ?"

ಆಗ ಅವಳು ಕೆಳತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಅವನು ಒಂದೇ ಒಂದು ಸಲ ಕಣ್ಣೆತ್ತಿ ನೋಡುತ್ತಿದ್ದ. ಅವರಿಬ್ಬರ ನಡುವೆ ನಡೆದದ್ದು ಅಷ್ಟೇ. ಪ್ರೀತಿಯೆಂಬ ಮಾತು ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ. ಆ ಒಂದು ನೋಟಕ್ಕೆ ಇಷ್ಟೆಲ್ಲ ಹಿಡಿದಿಟ್ಟುಕೊಳ್ಳುವ ತಾಕತ್ತಿದೆ ಎಂದು ಅವಳಿಗೇನು ಗೊತ್ತು!

ದಾನಮ್ಮ ಮೆಲ್ಲಗೆ ಹಿಂದೆ ತಿರುಗಿದಳು. ಧ್ವನಿವರ್ಧಕದ ಕೊಳವೆ ಕಟ್ಟಿದ್ದ ಬೇವಿನ ಮರದ ಕೆಳಗೆ ಮಡಿವಾಳಪ್ಪ ನಿಂತಿದ್ದ. ಇಕ್ಕಟ್ಟಾದ ಅಂಗಡಿಯಲ್ಲಿ ಮೂಗು ತಾಗುವಷ್ಟು ಹತ್ತಿರ ಕುಳಿತು, ಕಣ್ಣು ಬೇರೆ, ತುಟಿ ಬೇರೆ ಎಂದು ತುಂಡು ತುಂಡಾಗಿ ಬರೆದವನು ಚಿತ್ರವನ್ನು ದೂರದಿಂದ ನೋಡುತ್ತಿದ್ದುದು ಇದೇ ಮೊದಲು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ಕಣ್ಣು ಸಿಕ್ಕ ಕೂಡಲೇ, ಬೇಕೆಂದು ಮಾಡಲಿಲ್ಲ ಎನ್ನುವಂತೆ ತಲೆಯಲ್ಲಾಡಿಸಿದ. ಅವನೂ ಅಂಜಿದ್ದಾನೆ ಎಂದು ತಿಳಿದಾಗ ಅವಳ ಅಂಜಿಕೆ ಇಮ್ಮಡಿಯಾಯಿತು.

ಯಾಕೆಂದರೆ ಮುಂದಿನ ಕುರ್ಚಿಯಲ್ಲಿ ಮುದ್ದೇಬಿಹಾಳದ ಹಿರಿಯರೊಬ್ಬರು ಕುಳಿತಿದ್ದರು. ಅವರ ಮಗ ಸರಕಾರಿ ಗುಮಾಸ್ತ. ಹುಡುಗಿಯ ಹಾಡು ಕೇಳಿಕೊಂಡು, ಸಭೆ ಮುಗಿದ ಮೇಲೆ ಮನೆಗೆ ಬಂದು ವೀಳ್ಯ ಬದಲಾಯಿಸಿ ಮದುವೆ ಗೊತ್ತುಮಾಡಿಕೊಂಡು ಹೋಗುವುದೆಂದು ಮಾತಾಗಿತ್ತು. ದಾನಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ. ಅಪ್ಪ ಗುಡುಗಿದರೆ ಅಡತಿಯ ಹಮಾಲರೇ ಮೂಲೆ ಸೇರುತ್ತಿದ್ದರು, ಇನ್ನು ಮಗಳೇನು ಬಾಯಿ ಬಿಡುತ್ತಾಳೆ? ಈ ಚಿತ್ರದ ಗುಟ್ಟು ಯಾರಿಗಾದರೂ ಹೊಳೆದರೆ ಮಡಿವಾಳಪ್ಪನ ಕೈಕಾಲು ಉಳಿಯುವುದಿಲ್ಲ. ಹೊಳೆಯದಿದ್ದರೆ ಅವಳು ಈ ಸಂಜೆಯೇ ಮುದ್ದೇಬಿಹಾಳದ ಪಾಲು. ಎರಡಕ್ಕೂ ಅವಳಿಗೆ ನಡುಕ.

ಒಬ್ಬೊಬ್ಬರೇ ಎದ್ದು ಮಾತಾಡಿದರು. ಮಾತು ಮುಗಿಸಿದವರೆಲ್ಲ ಚಿತ್ರದ ಬುಡಕ್ಕೆ ಒಂದು ಹಿಡಿ ಹೂವು ಹಾಕಿ ಇಳಿಯುತ್ತಿದ್ದರು. ದಾನಮ್ಮ ಪ್ರತಿ ಹಿಡಿ ಹೂವನ್ನೂ ಎಣಿಸುತ್ತಿದ್ದಳು. ತನ್ನ ಮಣ್ಣಿಗೆ ಬಂದ ಜನರನ್ನು ತಾನೇ ಕುಳಿತು ನೋಡಿದಂತೆ.

"ಈಗ ನನ್ನ ಮಗಳು ಅಂಬೂಬಾಯಿಯವರ ಒಂದು ಹಾಡು ಹಾಡ್ತಾಳ" ಎಂದು ಅಪ್ಪ ಕರೆದ.

ಮೈಕು ಚಿತ್ರಕ್ಕೆ ಮೊಳದಷ್ಟು ದೂರದಲ್ಲಿತ್ತು. ದಾನಮ್ಮ ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು, ತಲೆ ಬಗ್ಗಿಸಿ ನಿಂತಳು. ಹಾರದ ವಾಸನೆ ನೇರ ಮೂಗಿಗೆ ಬಡಿಯುತ್ತಿತ್ತು. ಯುದ್ಧಕ್ಕೆ ಹೋದ ಗಂಡನ ದಾರಿ ಕಾಯುವ ರಾಣಿಯ ಹಾಡು ಅದು. ಮೊದಲ ಸಾಲಿಗೇ ದನಿ ನಡುಗಿತು, ಎರಡನೆಯದಕ್ಕೆ ಒಡೆಯಿತು. ದುಃಖಕ್ಕೆ ಹೀಗಾಗಿದೆಯೆಂದುಕೊಂಡ ಹೆಂಗಸರು ಸೆರಗು ಬಾಯಿಗಿಟ್ಟು ಅತ್ತರು. ಮುದ್ದೇಬಿಹಾಳದ ಹಿರಿಯರು ಮಾತ್ರ ಅಳಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಚಿತ್ರವನ್ನೊಮ್ಮೆ, ಅವಳನ್ನೊಮ್ಮೆ ನೋಡತೊಡಗಿದರು.

ಹಾಡು ಮುಗಿದದ್ದೇ ಅಪ್ಪ ವೇದಿಕೆಯ ಕೆಳಗಿನಿಂದಲೇ ಕೂಗಿ ಹೇಳಿದ. "ಎಲ್ಲಾರೂ ಎದ್ದು ನಿಂದರ್ರಿ. ಎರಡು ನಿಮಿಷ ಮೌನ. ನಾ ಹೇಳೂತನಕ ಯಾರೂ ಕಣ್ಣ ತೆರೀಬ್ಯಾಡ್ರಿ. ತೆರದ್ರ ಅಂಬೂಬಾಯಿಗೆ ಅಪಮಾನ ಮಾಡಿದಂಗ!"

ಇಡೀ ಪಟಾಂಗಣ ಕಣ್ಣು ಮುಚ್ಚಿತು. ದಾನಮ್ಮನೊಬ್ಬಳಿಗೆ ಮುಚ್ಚಲಾಗಲಿಲ್ಲ. ಬೇವಿನ ಮರದ ಕಡೆಯಿಂದ ಇನ್ನೊಬ್ಬನೂ ಕಣ್ಣು ತೆರೆದೇ ನಡೆದು ಬರುತ್ತಿದ್ದ. ಚಪ್ಪಲಿ ಬಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ, ಜನರ ನಡುವಿನಿಂದ ನೇರ ವೇದಿಕೆಗೆ.

"ಏನ್ ಮಾಡಾಕತ್ತೀರಿ?" ಅವಳು ಪಿಸುಗುಟ್ಟಿದಳು. "ಹೋಗ್ರಿ, ಯಾರರ ನೋಡಿದ್ರ ಕಡದ ಹಾಕ್ತಾರ!"

"ಹಾರ ತಗೀತೇನ್ರಿ." ಅವನು ಚಿತ್ರದತ್ತ ಕೈಚಾಚಿದ. "ಅದು ನಿಮ್ಮ ಕೊಳ್ಳಾಗ ಐತಿ. ನನಗ ನೋಡಾಕ ಆಗವಲ್ದು."

"ನನ್ನ ಮಾರಿ ಯಾಕ ಬರದ್ರಿ?"

"ದೇವರಾಣಿ ನಾ ಅಂಬೂಬಾಯಿನ್ನ ಬರಿಯಾಕ ಕುಂತಿದ್ದೆ. ಪೇಪರಿನ ಫೋಟೊದಾಗ ಬರೇ ಮಸಿ. ಕಣ್ಣು ಅಂದ್ರ ಒಂದ ಜೋಡಿ ಕಣ್ಣ ನೆನಪಾದ್ವು. ತುಟಿ ಅಂದ್ರ ಒಂದ ತುಟಿ. ನನಗ ಬ್ಯಾರೆ ಮಾರಿ ಬರಂಗಿಲ್ರಿ."

ಅವಳ ಕಣ್ಣು ತುಂಬಿ ಬಂತು. ಇಷ್ಟು ಭಯದ ನಡುವೆ ಇಷ್ಟು ಸಂತೋಷವಾಗಬಹುದೆಂದು ಅವಳು ಎಣಿಸಿರಲಿಲ್ಲ.

"ನನಗ ಭಾಳ ಅಂಜಿಕಿ ಆಗಾಕತ್ತೈತ್ರಿ. ನಾ ಸಾಯ್ತೇನೇನ್ರಿ?"

"ಹಂಗ ಅನಬ್ಯಾಡ್ರಿ!" ಅವನು ಹಾರವನ್ನು ಎತ್ತಿ ತೆಗೆದ. "ನೀವಿಲ್ಲದ ಊರಾಗ ನಾ ಯಾರಿಗಂತ ಬೋರ್ಡು ಬರೀಲ್ರಿ?"

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಅಂಜಿಕಿ."

"ಯಾರ್ದು?"

"ನಿಮ್ಮಪ್ಪಂದು."

ಬೇವಿನ ಮರದ ಮೇಲಿನಿಂದ ಕೊಳವೆ ದೊಡ್ಡ ದನಿಯಲ್ಲಿ ಹೇಳಿತು: "ನಿಮ್ಮಪ್ಪಂದು."

ಶಾಲೆಯ ಗೋಡೆಗೆ ಬಡಿದ ಆ ಮಾತು ಇನ್ನೊಮ್ಮೆ ಹಿಂದಿರುಗಿ ಬಂತು. ದಾನಮ್ಮ ತನ್ನ ಗದ್ದದ ಕೆಳಗಿದ್ದ ಮೈಕನ್ನು ನೋಡಿದಳು. ಅದನ್ನು ಯಾರೂ ಬಂದ್ ಮಾಡಿರಲಿಲ್ಲ. ಮೊದಲ ಪಿಸುಮಾತಿನಿಂದ ಹಿಡಿದು ಒಂದಕ್ಷರ ಬಿಡದೆ ಎಲ್ಲವೂ ಪಟಾಂಗಣಕ್ಕೆ, ಆಚೆಯ ಬಜಾರಕ್ಕೆ ಕೇಳಿಸಿತ್ತು. ಇವರಿಬ್ಬರಿಗೇ ತಮ್ಮ ಎದೆಬಡಿತದಲ್ಲಿ ಕೇಳಿಸಿರಲಿಲ್ಲ.

ಆದರೂ ಒಬ್ಬನೂ ಕಣ್ಣು ತೆರೆದಿರಲಿಲ್ಲ. ಅಂಬೂಬಾಯಿಗೆ ಅಪಮಾನವಾಗಬಾರದಲ್ಲ! ನೂರಾರು ಮಂದಿ ಕಣ್ಣು ಬಿಗಿಹಿಡಿದು, ಕಿವಿ ಅಗಲಿಸಿ ನಿಂತಿದ್ದರು. ನಗು ತಡೆಯಲಾಗದೆ ಕೆಲವರ ಭುಜ ಕುಣಿಯುತ್ತಿದ್ದವು. ಮುದ್ದೇಬಿಹಾಳದ ಹಿರಿಯರ ಹುಬ್ಬು ಹಣೆಯ ಮೇಲೇರಿತ್ತು. ಅಪ್ಪನ ದವಡೆ ಮಾತ್ರ ಕಲ್ಲಿನಂತೆ ಬಿಗಿದಿತ್ತು. ತಾನೇ ಹಾಕಿದ ಕಟ್ಟಳೆಯನ್ನು ತಾನೇ ಹೇಗೆ ಮುರಿದಾನು?

ಮಡಿವಾಳಪ್ಪ ಹಾರ ಹಿಡಿದು ಸೆಟೆದು ನಿಂತುಬಿಟ್ಟ. ಓಡು ಎಂದು ಕಣ್ಣಲ್ಲೇ ಹೇಳಿದಳು. ಅವನು ಕದಲಲಿಲ್ಲ.

ದಾನಮ್ಮನಿಗೆ ಒಂದು ಮಾತು ಸ್ಪಷ್ಟವಾಯಿತು. ಅಪ್ಪ ಕಣ್ಣು ತೆರೆದ ಮೇಲೆ ಮಾತಾಡುವವನು ಅಪ್ಪನೊಬ್ಬನೇ. ತನಗೆ ಇರುವುದು ಉಳಿದಷ್ಟು ಮೌನ ಮಾತ್ರ. ಅವಳು ಎರಡೂ ಕೈಯಿಂದ ಮೈಕಿನ ಕಂಬ ಹಿಡಿದುಕೊಂಡಳು.

"ಅಪ್ಪಾ," ಎಂದಳು, ಈ ಸಲ ಬೇಕೆಂದೇ, ಎಲ್ಲರಿಗೂ ಕೇಳುವಂತೆ. "ನಾ ಮುದ್ದೇಬಿಹಾಳಕ್ಕ ಹೋಗಂಗಿಲ್ಲ. ನನ್ನ ಮಾರಿ ಯಾರಿಗೆ ಬಾಯಿಪಾಠ ಐತಿ, ಅವರ ಮನಿಗೆ ಹೋಗ್ತೇನಿ."

ಆ ಎರಡು ನಿಮಿಷ ಮುಗಿಯಲೇಬಾರದೆಂದು ಅವಳು ಬೇಡಿಕೊಂಡಳು.

"ಮೌನ ಮುಗೀತು" ಎಂದ ಶ್ರೀಶೈಲಪ್ಪ. ದನಿ ಅವನದೆಂದು ಗುರುತು ಸಿಗುವಂತಿರಲಿಲ್ಲ.

ಅವನು ವೇದಿಕೆ ಹತ್ತಿದ. ದಾನಮ್ಮ ಹೊಡೆತಕ್ಕೆ ಸಿದ್ಧವಾಗಿ ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ. ಕಣ್ಣು ತೆರೆದರೆ ಅಪ್ಪ ಚಿತ್ರದ ಎದುರು ನಿಂತಿದ್ದ. ಹುಬ್ಬಿನ ತುದಿಯ ಕಲೆಯ ಮೇಲೆ ಬೆರಳಿಟ್ಟ. ಆಮೇಲೆ ಮಗಳ ಹುಬ್ಬು ನೋಡಿದ.

"ಯವ್ವಾ," ಎಂದು ಅವನು ಕೆಳಗೆ ನಿಂತಿದ್ದ ತನ್ನ ತಾಯಿ ಚನ್ನವ್ವನ ಕಡೆ ತಿರುಗಿದ, ಏನೋ ಒಡೆದು ಬಂದ ಮಗುವಿನ ಹಾಗೆ. "ನನ್ನ ಮಗಳಿಗೆ ನನ್ನ ಕೈಲೆ ಹಾರ ಹಾಕಿದ್ನೆಲ್ಲಬೇ! ಆತ್ಮಕ್ಕ ಶಾಂತಿ ಅಂದ್ನೆಲ್ಲಬೇ!"

ಮುದುಕಿ ಕೋಲೂರುತ್ತ ಮೇಲೆ ಬಂದಳು. ಮೊಮ್ಮಗಳ ಮುಖಕ್ಕೆ ಎರಡೂ ಕೈ ನಿವಾಳಿಸಿ ಲಟಲಟನೆ ಲಟಿಕೆ ಮುರಿದಳು. ಚಿತ್ರದ ಮುಖಕ್ಕೂ ಹಾಗೆಯೇ ಮಾಡಿದಳು.

"ಹಡದಾವಗ ಗುರ್ತ ಹತ್ತಲಿಲ್ಲ," ಎಂದಳು ಮಗನಿಗೆ. "ಈ ಹುಡುಗ ಎದುರಿಗೆ ಕುಂದ್ರಿಸಿಕೊಳ್ಳದ ಬರದಾನ. ಯಾರ ಮನ್ಯಾಗ ಇಕಿ ನೂರು ವರ್ಸ ಬಾಳ್ತಾಳ, ನೀನ ಹೇಳು."

ಶ್ರೀಶೈಲಪ್ಪ ತಲೆ ತಗ್ಗಿಸಿ ಮುದ್ದೇಬಿಹಾಳದ ಹಿರಿಯರತ್ತ ಕೈಜೋಡಿಸಿದ. ಅವರು ರುಮಾಲು ಸರಿಮಾಡಿಕೊಂಡರು.

"ನಾವೇನೂ ಕೇಳಿಲ್ಲ ಬಿಡ್ರಿ, ಶ್ರೀಶೈಲಪ್ಪನವರ. ಮೌನ ಇತ್ತಲ್ಲ" ಎಂದು ಹೇಳಿ ಮೆಲ್ಲಗೆ ಬಸ್ ಸ್ಟ್ಯಾಂಡಿನ ಹಾದಿ ಹಿಡಿದರು.

ಮಡಿವಾಳಪ್ಪ ಇನ್ನೂ ಅಲ್ಲೇ ಇದ್ದ. ಚನ್ನವ್ವನ ಕೋಲು ಅವನತ್ತ ತಿರುಗಿತು. "ಏ ತಮ್ಮಾ, ಸತ್ತಾಕಿ ಹಾರ ಹಿಡಕೊಂಡು ಏನ ನಿಂತಿ? ಅದು ಅಂಬೂಬಾಯಿದು, ಅಲ್ಲಿಡು. ಇಕಿಗೆ ಹೊಸಾದು ತಗೊಂಡ ಬಾ."

ಅವನು ಹಾರವನ್ನು ಕೆಳಗಿಟ್ಟು, ದಾನಮ್ಮನನ್ನು ನೋಡಿದ. ಅವಳು ಅಪ್ಪನನ್ನು ನೋಡಿದಳು. ಊರೆಲ್ಲ ಅಂಜುವ ಆ ಮನುಷ್ಯ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಬಿಟ್ಟರೆ ಎಲ್ಲಿ ಹೋಗಿಬಿಡುತ್ತಾಳೋ ಎನ್ನುವಂತೆ.

"ಯಾವಾಗ ತರ್ಲ್ರಿ?" ಎಂದು ಮಡಿವಾಳಪ್ಪ ಕೇಳಿದ.

"ಲಗೂ ತಾರೋ," ಎಂದ ಶ್ರೀಶೈಲಪ್ಪ. "ನನಗ ಅಂಜಿಕಿ ಬರಾಕತ್ತೈತಿ."