ನಿಧಾನಕ್ಕೆ ತಿರುಗಿದ ದನಿ

ಹುಟ್ಟೂರಾದ ಹಾಗೆನ್‌ನ ಪೇಟೆಯಲ್ಲಿ ಒಂದು ರೆಕಾರ್ಡ್ ಅಂಗಡಿಯ ಮುಂದೆ ಮಾರ್ಲೀಸ್ ಗಕ್ಕನೆ ನಿಂತಳು.

ಒಳಗಿಂದ ಕೇಳಿಬರುತ್ತಿದ್ದುದು ಅವಳದೇ ಹಾಡು! ಇಪ್ಪತ್ತೊಂದರ ವಯಸ್ಸಿನಲ್ಲಿ, ಗೆಳೆಯ ಫೋಲ್ಕರ್‌ನ ಅಡುಗೆಮನೆಯಲ್ಲಿ ಅಗ್ಗದ ಸಿಂಥಸೈಜರ್ ವಾದ್ಯ ಇಟ್ಟುಕೊಂಡು ಇಬ್ಬರೂ ಕಟ್ಟಿದ್ದ ಹಾಡು. ಆದರೆ ಹಾಡುತ್ತಿದ್ದವನು... ಒಬ್ಬ ಗಂಡಸು.

ಹಾಗಾದರೆ ಫೋಲ್ಕರ್ ಅಂದು ಒಪ್ಪಿಕೊಂಡಿದ್ದ!

ನಲವತ್ತು ವರ್ಷಗಳ ಹಿಂದೆ ದೊಡ್ಡ ರೆಕಾರ್ಡ್ ಕಂಪನಿಯೊಂದು ಅವನಿಗೆ, "ಹುಡುಗಿಯ ದನಿ ಬೇಡ, ನೀನೇ ಹಾಡು" ಎಂದಿತ್ತು. ಅವನ ಉತ್ತರ ಕೇಳಲು ಹೆದರಿ ಮಾರ್ಲೀಸ್ ದೂರದ ಬ್ರೆಮೆನ್ ನಗರಕ್ಕೆ ರೈಲು ಹತ್ತಿದ್ದಳು. ವಿಳಾಸವನ್ನೂ ಕೊಟ್ಟಿರಲಿಲ್ಲ. ವಿಚ್ಛೇದನದ ಬಳಿಕ ಈಗಷ್ಟೇ ಹುಟ್ಟೂರಿಗೆ ಮರಳಿದವಳಿಗೆ ಆ ಉತ್ತರ ಬೀದಿಯಲ್ಲೇ ಸಿಕ್ಕಿತ್ತು.

ಬಾಗಿಲು ತಳ್ಳಿದಳು. ಗಲ್ಲೆಯ ಹಿಂದೆ ಅವನೇ! ತಲೆ ಬೋಳಾಗಿತ್ತು, ಮೂಗು ಮಾತ್ರ ಅದೇ.

"ನಾಚಿಕೆ ಆಗಲ್ವಾ ನಿಂಗೆ? ನನ್ನ ದನಿ ಅಳಿಸಿ ನಿಂದು ಹಾಕ್ಕೊಂಡ್ಯಲ್ಲೋ!"

ಫೋಲ್ಕರ್ ಎದ್ದು ನಿಂತ. "ಮಾರ್ಲೀಸ್...?"

"ಹೆಸರಾದ್ರೂ ನೆನಪಿದೆ, ಪುಣ್ಯ!"

"ಹಾಡ್ತಿರೋಳು ನೀನೇ ಕಣೇ."

"ನನ್ನ ಗಂಟಲೇನು ಕರಡೀದಾ?"

ಅವನು ಪ್ಲೇಯರಿನ ವೇಗದ ಗುಂಡಿ ಒತ್ತಿದ. ರೆಕಾರ್ಡ್ ಚುರುಕಾಗಿ ತಿರುಗಿತು... ಆ ಭಾರದ ದನಿ ಹಗುರಾಗಿ, ತೆಳುವಾಗಿ, ಇಪ್ಪತ್ತೊಂದರ ಹುಡುಗಿಯಾಯಿತು!

ಮಾರ್ಲೀಸ್ ಗಲ್ಲೆಯನ್ನು ಹಿಡಿದುಕೊಂಡಳು.

"ಅವತ್ತು ನಾವೇ ಮಾಡಿಸಿದ ರೆಕಾರ್ಡುಗಳ ಲೇಬಲ್ಲಿಗೆ ಆಲೂಗಡ್ಡೆ ಕೆತ್ತಿ ಅಚ್ಚು ಒತ್ತಿದ್ದು ಯಾರು?" ಫೋಲ್ಕರ್ ಕೇಳಿದ. "ಯಾವ ವೇಗದಲ್ಲಿ ತಿರುಗಿಸ್ಬೇಕು ಅಂತ ಹಾಕೋದೇ ಮರೆತ್ಯಲ್ಲ! ಈಗಿನ ಹುಡುಗ್ರಿಗೆ ಹಳೇ ಸಾಮಾನಿನ ಸಂತೇಲಿ ಒಂದು ಸಿಕ್ಕಿ, ತಪ್ಪು ವೇಗದಲ್ಲಿ ಹಾಕಿ ಕುಣಿದಿದ್ದಾರೆ. ಈಗ ಎಲ್ರಿಗೂ ಹಾಗೇ ಬೇಕಂತೆ. 'ಯಾರು ಆ ಗಾಯಕ?' ಅಂತ ನನ್ನನ್ನೇ ಕೇಳ್ತಾರೆ!"

"ಮತ್ತೆ... ಕಂಪನಿಗೆ ಏನಂದೆ?"

"ಅವಳಿಲ್ದೆ ಹಾಡಿಲ್ಲ ಅಂದೆ. ಅದನ್ನ ಹೇಳೋಕೆ ಓಡಿಬಂದ್ರೆ ನಿನ್ನ ಕೋಣೆಗೆ ಬೀಗ."

ಮಾರ್ಲೀಸ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಹೀಗೆ ಇದನ್ನೇ ಹಾಕ್ಕೊಂಡು ಕೂತ್ರೆ ಹೆಂಡ್ತಿ ಬೈಯಲ್ವಾ?"

"ಇದ್ದಿದ್ರೆ ಬೈತಿದ್ಲು."

"ಸರಿಯಾದ ವೇಗ ನಿಂಗೆ ಗೊತ್ತಿತ್ತಲ್ಲ... ಅಂಗಡೀಲಿ ಗಿರಾಕಿಗಳೂ ಇಲ್ಲ. ಮತ್ಯಾಕೆ ನಿಧಾನಕ್ಕೆ ಹಾಕಿದ್ದೆ?"

ಫೋಲ್ಕರ್‌ನ ಕಿವಿ ಕೆಂಪಾಯಿತು. "ಹಾಗೆ ಹಾಕಿದ್ರೆ ಹಾಡು ಬೇಗ ಮುಗಿಯಲ್ಲ... ನೀನು ಇನ್ನೂ ಸ್ವಲ್ಪ ಹೊತ್ತು ಇರ್ತೀಯ."

ಮಾರ್ಲೀಸ್ ಮೆಲ್ಲಗೆ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

"ಇನ್ಮೇಲೆ ಸರಿಯಾಗೇ ಹಾಕು. ನಾನು ಇರ್ತೀನಿ."