ಬಾಲವಿಲ್ಲದ 'ನೋಡೋಣ'

"ಆದರೆ…" ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು.

ಅರ್ಥಶಾಸ್ತ್ರ ವಿಭಾಗದ ಮೂರನೇ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ಜನ ಕೂತಿದ್ದರು. ಪರದೆಯ ಪಕ್ಕದಲ್ಲಿ ಅವಳು ನಿಂತಿದ್ದಳು. ಊರು ಬಿಟ್ಟು, ದೇಶ ಬಿಟ್ಟು, ಓದಲು ಬಂದು ಎರಡು ವರ್ಷವಾಗಿತ್ತು. ಇವತ್ತು ಅವಳ ಪ್ರಬಂಧದ ಮೊದಲ ಪರೀಕ್ಷೆ. ಒಪ್ಪಿಗೆ ಸಿಕ್ಕರೆ ಡಾಕ್ಟರೇಟ್‌ಗೆ ಮುಂದುವರಿಯಬಹುದು. ಇಲ್ಲದಿದ್ದರೆ ಸಣ್ಣ ಪದವಿಯ ಕಾಗದವೊಂದನ್ನು ಮಡಚಿಕೊಂಡು ವಾಪಸ್ ಹೊರಡಬೇಕು.

ಇಪ್ಪತ್ತು ನಿಮಿಷ ಎಲ್ಲವೂ ಸರಾಗವಾಗಿ ಸಾಗಿತ್ತು. ಅವಳ ಗೈಡ್ ಆಗಾಗ ತಲೆಯಾಡಿಸುತ್ತಿದ್ದರು. ಆ ಹಿರಿಯ ಹೆಂಗಸು ತಲೆಯಾಡಿಸುವುದು ಮೆಚ್ಚುಗೆಯೋ ತೂಕಡಿಕೆಯೋ ಎಂಬುದು ಮಾತ್ರ ವಿಭಾಗದಲ್ಲಿ ಇನ್ನೂ ಇತ್ಯರ್ಥವಾಗದ ವಿಷಯ.

"ಆದರೆ," ಎಂದ ಅವನು ಮತ್ತೊಮ್ಮೆ, ಆ ದೇಶದ ಭಾಷೆಯಲ್ಲಿ. "ನೀವು ಆರುನೂರು ಗೃಹಿಣಿಯರಿಗೆ ಫೋನ್ ಮಾಡಿಸಿ, ಮನೆ ಬಾಗಿಲಿಗೆ ಬಸ್ ಬಂದರೆ ಹೊಲಿಗೆ ಕಾರ್ಖಾನೆಯ ಕೆಲಸಕ್ಕೆ ಬರುತ್ತೀರಾ ಅಂತ ಕೇಳಿಸಿದ್ದೀರಿ. ಇನ್ನೂರ ಹದಿನಾಲ್ಕು ಜನ 'ಬರಬಹುದು' ಎಂಬ ಕಾಲಂನಲ್ಲಿದ್ದಾರೆ. ಅವರು ಬಾಯಲ್ಲಿ ನಿಜವಾಗಿ ಅಂದದ್ದೇನು?"

"ಅದೇ… ಬರಬಹುದು ಎನ್ನುವ ಅರ್ಥದ ಮಾತು."

ಅವನು ಎದ್ದು ನಿಂತ. ಎತ್ತರದ ಆಳು, ಮೊಣಕೈಯಲ್ಲಿ ಸವೆದ ಸ್ವೆಟರ್. ಬೇರೆ ವಿಶ್ವವಿದ್ಯಾಲಯದಲ್ಲಿ ಎರಡೂವರೆ ವರ್ಷ ಕಳೆದು ಹಿಂದಿನ ವಾರವಷ್ಟೇ ಮರಳಿದ್ದ ಹಿರಿಯ ಸಂಶೋಧಕ. ಅವಳು ಅವನನ್ನು ಎಂದೂ ಕಂಡಿರಲಿಲ್ಲ.

"'ನೋಡೋಣ' ಅಂದ್ರಾ?" ಎಂದು ಕೇಳಿದ. ಕನ್ನಡದಲ್ಲಿ.

ಎರಡು ವರ್ಷದಲ್ಲಿ ಫೋನಿನಾಚೆ ಎಲ್ಲೂ ಕೇಳದ ಭಾಷೆ! ಅದು ಬಂದದ್ದು ಹೀಗೆ, ಹದಿನಾಲ್ಕು ಜನರ ಮುಂದೆ, ಕತ್ತಿಯ ಹಾಗೆ.

"ಹೌದು," ಎಂದಳು ಮೆಲ್ಲಗೆ.

"ನಮ್ಮಲ್ಲಿ 'ನೋಡೋಣ' ಅಂದ್ರೆ ಇಲ್ಲ ಅಂತ ಅಲ್ವಾ? ಮುಖಕ್ಕೆ ಹೊಡೆದ ಹಾಗೆ ಹೇಳಬಾರದು ಅಂತ ಹಾಗಂತಾರೆ."

ಅವನು ಅದನ್ನೇ ಉಳಿದವರಿಗೆ ವಿವರಿಸಿದ. ಇನ್ನೂರ ಹದಿನಾಲ್ಕು 'ಬರಬಹುದು'ಗಳು ಒಂದೇ ಏಟಿಗೆ 'ಬರುವುದಿಲ್ಲ' ಆಗಿ, ಎರಡು ವರ್ಷದ ಪ್ರಬಂಧ ಒಡೆದ ಮೊಸರುಗಡಿಗೆಯಂತಾಯಿತು.

ಗೈಡ್ ಈ ಸಲ ತಲೆಯಾಡಿಸಲಿಲ್ಲ. "ನಾಲ್ಕು ತಿಂಗಳು ಕೊಡುತ್ತೇನೆ. ಆ ಪದದ ಅರ್ಥ ಗೊತ್ತುಮಾಡಿಕೊಂಡು ಬಾ," ಎಂದರು. "ಇಲ್ಲದಿದ್ದರೆ ಇಲ್ಲಿಗೇ ಮುಗಿಸೋಣ."

ಹುಟ್ಟಿದಾಗಿನಿಂದ ಆಡಿದ ಮಾತಿನ ಅರ್ಥ ಹುಡುಕಲು ಪರದೇಶದಲ್ಲಿ ನಾಲ್ಕು ತಿಂಗಳ ಗಡುವು. ಅಳಬೇಕೋ ನಗಬೇಕೋ ತಿಳಿಯದೆ ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

*

ಆ ಆರುನೂರು ಕರೆಗಳನ್ನು ಮಾಡಿದವರು ಅವಳ ಚಿಕ್ಕಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಫೋನ್ ಇಲ್ಲದೆ ಕೈ ನಡುಗುತ್ತದೆ ಎಂದು ತಾವಾಗಿ ಈ ಕೆಲಸ ವಹಿಸಿಕೊಂಡಿದ್ದರು.

"ನೀನು ಯಾಕೆ 'ನೋಡೋಣ'ನ 'ಬರಬಹುದು' ಅಂತ ಬರೆದೆ ಚಿಕ್ಕಮ್ಮಾ?" ಎಂದು ಅವಳು ಅಂದು ರಾತ್ರಿ ಫೋನಿನಲ್ಲಿ ಕೇಳಿದಳು.

"ಮತ್ತಿನ್ನೇನು ಬರೀಲಿ? ಒಳ್ಳೇದು ಬರೆಯೋಣ ಅಂತ ಬರೆದೆ. ಯಾರೇ ಅದು, ತಪ್ಪು ಹುಡುಕಿದ ಪುಣ್ಯಾತ್ಮ?"

"ಒಬ್ಬ ಇದ್ದಾನೆ. ಬಾಯಿ ತೆಗೆದ್ರೆ 'ಆದರೆ' ಅಂತಾನೆ."

"ನಮ್ಮ ಭಾಷೆಯವನೇನೇ? ನೋಡೋಕೆ ಹೇಗಿದಾನೆ?"

"ಚಿಕ್ಕಮ್ಮಾ, ನನ್ನ ಬಾಳು ಮುಳುಗ್ತಾ ಇದೆ."

"ಅದು ಗೊತ್ತಾಯ್ತು ಕಣೇ. ಹೇಗಿದಾನೆ ಅಂತ ಕೇಳಿದೆ." ಆಮೇಲೆ ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡರು. "ಆದ್ರೆ ಆ 'ಆದರೆ' ಹೇಳಿದ್ದು ಪೂರ್ತಿ ಸರಿಯಿಲ್ಲ ಅಂತ ಹೇಳು ಅವನಿಗೆ. 'ನೋಡೋಣ ಬಿಡಿ' ಅಂದ್ರೆ ಬಾಗಿಲು ಹಾಕಿದ್ದು. 'ನೋಡೋಣ ಇರಿ' ಅಂದ್ರೆ ಮನೇಲಿ ಯಾರನ್ನೋ ಕೇಳಬೇಕು, ಒಂದ್ನಿಮಿಷ ನಿಂತ್ಕೊ ಅಂತ. ಬಾಲ ನೋಡಬೇಕೇ, ಬಾಲ!"

ಬಾಲ!

ಕರೆಗಳೆಲ್ಲ ರೆಕಾರ್ಡ್ ಆಗಿದ್ದವು. ಮತ್ತೆ ಕೇಳಿ 'ಬಿಡಿ' ಮತ್ತು 'ಇರಿ'ಗಳನ್ನು ಬೇರ್ಪಡಿಸಿದರೆ ಪ್ರಬಂಧ ಉಳಿಯಬಹುದು. ತೊಡಕು ಒಂದೇ. ಇಂಥ ಕೆಲಸವನ್ನು ಇಬ್ಬರು ಬೇರೆ ಬೇರೆಯಾಗಿ ಕೇಳಿ ಗುರುತು ಹಾಕಬೇಕು, ಇಬ್ಬರ ಗುರುತೂ ತಾಳೆಯಾಗಬೇಕು ಎಂಬುದು ವಿಭಾಗದ ನಿಯಮ. ಕನ್ನಡ ಬಲ್ಲ ಇನ್ನೊಬ್ಬ ಜೀವಿ ಆ ಊರಿನಲ್ಲಿ ಇದ್ದದ್ದು ಒಬ್ಬನೇ.

ಬೇಡಿಕೊಳ್ಳಲು ಎರಡು ದಿನ ಮನಸ್ಸು ಗಟ್ಟಿಮಾಡಿಕೊಂಡು ಅವಳು ಅವನ ಕೋಣೆಯ ಬಾಗಿಲಿಗೆ ಹೋದಳು. ತಟ್ಟುವ ಮೊದಲೇ ಬಾಗಿಲು ತೆರೆಯಿತು.

"ನಾನೇ ಬರ್ತಾ ಇದ್ದೆ," ಎಂದ ಅವನು. "ಕೆಡಿಸಿದವನೇ ಸರಿ ಮಾಡಿಕೊಡಬೇಕಲ್ವಾ? ಎರಡನೇ ಕಿವಿ ಬೇಕಾದ್ರೆ ನನ್ನದಿದೆ."

'ಇವನು ಒಳ್ಳೆಯವನಾದರೆ ಕಷ್ಟ,' ಎಂದುಕೊಂಡಳು. ಶತ್ರುವಾಗಿ ಇಟ್ಟುಕೊಳ್ಳುವುದೇ ಅನುಕೂಲವಿತ್ತು.

*

ಬೆಳಿಗ್ಗೆ ಎಂಟರಿಂದ ಹತ್ತು. ಮೂರನೇ ಮಹಡಿಯ ಚಿಕ್ಕ ಕೋಣೆ. ಎರಡು ಮೇಜು, ನಡುವೆ ಒಂದು ಕಬ್ಬಿಣದ ಕಪಾಟು. ಇಬ್ಬರ ಕಿವಿಯಲ್ಲೂ ಹೆಡ್‌ಫೋನ್. ಗುರುತಿನ ಬಗ್ಗೆ ಪರಸ್ಪರ ಮಾತಾಡಕೂಡದು ಎಂದು ನಿಯಮ. ಹಾಗಾಗಿ ಅವರು ಉಳಿದ ಎಲ್ಲದರ ಬಗ್ಗೆ ಮಾತಾಡಿದರು.

"ನಿಮ್ಮ ಚಿಕ್ಕಮ್ಮ ಇವತ್ತು ಒಬ್ಬರಿಗೆ ಕೆಮ್ಮಿಗೆ ಮದ್ದು ಹೇಳಿದ್ರು," ಎಂದು ಕಪಾಟಿನ ಆಚೆಯಿಂದ ದನಿ. "ಅದಕ್ಕೊಂದು ಕಾಲಂ ಬೇಕಾ?"

"ಮುನ್ನೂರ ಎಂಟನೇ ಕರೇಲಿ ಅತ್ತೆ-ಸೊಸೆ ಜಗಳ ಬಿಡಿಸಿದಾರೆ. ಅದಕ್ಕೂ ಹಾಕಿ."

"ನಾನು ಇವರ ಶಿಷ್ಯ ಆಗಬೇಕಿತ್ತು. ನಾಲ್ಕು ವರ್ಷ ಬರೀ ಬೆಲೆ ಸೂಚ್ಯಂಕ ನೋಡ್ತಾ ಇದೀನಿ. ಸೂಚ್ಯಂಕ ಒಂದು ದಿನವೂ 'ಊಟ ಆಯ್ತಾ' ಅಂತ ಕೇಳಿಲ್ಲ."

ಅವಳು ನಕ್ಕಳು. ಕಪಾಟು ಅಡ್ಡವಿದ್ದದ್ದು ಒಳ್ಳೆಯದಾಯಿತು. ಆ ನಗು ಎಷ್ಟು ಹೊತ್ತು ಮುಖದಲ್ಲಿ ಉಳಿಯಿತೆಂದು ಅವನಿಗೆ ಕಾಣಲಿಲ್ಲ.

ಬಾಲವೇ ಇಲ್ಲದ 'ನೋಡೋಣ'ಗಳೂ ಸಿಕ್ಕವು. ಬಿಡಿ ಇಲ್ಲ, ಇರಿ ಇಲ್ಲ, ಒಂಟಿ ಪದ, ಆಮೇಲೆ ಮೌನ. ಅವಕ್ಕೆ ಏನು ಮಾಡುವುದು?

"'ಇಲ್ಲ' ಅಂತಲೇ ಬರೆಯೋಣ," ಎಂದ ಅವನು. "ಅನುಮಾನ ಇದ್ದಾಗ ನಮಗೆ ಬೇಕಾದ ಕಡೆ ವಾಲಬಾರದು. ಅವರ ಮನಸ್ಸಲ್ಲಿ ಇಲ್ಲದ್ದನ್ನ ನಾವು ಇದೆ ಅಂದ್ಕೊಳ್ಳೋದು ಮೋಸ."

ಅವಳು ಒಪ್ಪಿದಳು. ನಿಯಮ ಇಬ್ಬರ ಸಹಿಯೊಡನೆ ಕಾಗದದ ಮೇಲೆ ಇಳಿಯಿತು.

ಒಂಬತ್ತನೇ ವಾರ ಕೊನೆಯ ಕರೆ ಮುಗಿಯಿತು. ತಾಳೆ ನೋಡಿದರೆ ಇನ್ನೂರ ಹದಿನಾಲ್ಕರಲ್ಲಿ ಹನ್ನೊಂದರಲ್ಲಿ ಮಾತ್ರ ಭಿನ್ನಮತ. ಅವನ್ನೂ ಕೂತು ತೀರ್ಮಾನಿಸಿದರು. ಬಿಡಿ ತೊಂಬತ್ತೇಳು, ಇರಿ ಎಪ್ಪತ್ತಾರು, ಬಾಲವಿಲ್ಲದವು ನಲವತ್ತೊಂದು.

"ಇಷ್ಟು ಒಮ್ಮತ ಗಂಡ-ಹೆಂಡತಿಯಲ್ಲೂ ಇರಲ್ಲ," ಎಂದಳು ಅವಳು, ಮೆಟ್ಟಿಲಿಳಿಯುತ್ತಾ. ಅಂದ ಮೇಲೆ ಕಿವಿ ಬಿಸಿಯಾಯಿತು.

ಅವನು ನಿಂತುಬಿಟ್ಟ. "ನನ್ನದೊಂದು ಪ್ರಶ್ನೆ ಇದೆ. ಪ್ರಬಂಧದ್ದಲ್ಲ."

"ಕೇಳಿ."

"ಈ ಕೆಲಸ ಮುಗಿದ ಮೇಲೂ… ನಾನು ನಿಮ್ಮ ಜೊತೆ ಇರಬಹುದಾ? ಒಂದು ವಾರ, ಒಂದು ವರ್ಷ ಅಂತ ಅಲ್ಲ. ಕೊನೇತನಕ."

ಕೆಳಗಿನ ಅಂಗಳದಲ್ಲಿ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದರು. ಅವಳ ಎದೆಗೂ ಯಾರೋ ತುಂಬುತ್ತಿದ್ದ ಹಾಗಿತ್ತು. ಹೌದು ಎನ್ನಬೇಕು. ಹೌದು ಎನ್ನಲು ಬಾಯಿ ತೆರೆದಳು. ನಾಚಿಕೆಯೋ, ಹೆದರಿಕೆಯೋ, ತಲೆತಲಾಂತರದ ಅಭ್ಯಾಸವೋ…

"ನೋಡೋಣ," ಎಂದಳು.

ಅಷ್ಟೇ.

ಅವನು ಒಂದು ಕ್ಷಣ ಕಾದ. ಬಾಲ ಬರಲಿಲ್ಲ. "ಸರಿ," ಎಂದು ಮುಗುಳ್ನಕ್ಕು ಇಳಿದು ಹೋದ.

ಒಂಬತ್ತು ವಾರ ಆ ಒಂದೇ ಪದವನ್ನು ಕೇಳಿ ಕೇಳಿ ಬೇರ್ಪಡಿಸಿದ ಹುಡುಗಿ, ತಾನು ಆಡಿದ್ದು ಆ ಪದವೇ ಎಂದು ಗಮನಿಸಲಿಲ್ಲ. ಗಮನಿಸಿದವನು ಅವನೊಬ್ಬನೇ. ನಿಯಮ ಬರೆದವನೂ ಅವನೇ.

*

ಮರುದಿನ ಕಪಾಟಿನ ಆಚೆಯ ಮೇಜು ಖಾಲಿ. ಗುರುತಿನ ಹಾಳೆಗಳು ಅಚ್ಚುಕಟ್ಟಾಗಿ ಅವಳ ಮೇಜಿನ ಮೇಲಿದ್ದವು, 'ಶುಭವಾಗಲಿ' ಎಂಬ ಒಂದು ಸಾಲಿನೊಂದಿಗೆ. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರ. ಅದೂ ಎರಡು ಕೈ ಜೋಡಿಸಿ, ದೂರದ ನೆಂಟರಿಗೆ ಮಾಡುವ ಹಾಗೆ. ಎರಡು ಗಂಟೆ ರೈಲು ಪ್ರಯಾಣದಾಚೆಯ ಕಾಲೇಜೊಂದಕ್ಕೆ ಅಧ್ಯಾಪಕನ ಕೆಲಸಕ್ಕೆ ಅರ್ಜಿ ಹಾಕಿದ್ದಾನೆಂಬ ಸುದ್ದಿಯೂ ಕಿವಿಗೆ ಬಿತ್ತು.

'ಕೇಳಿ ಇಪ್ಪತ್ನಾಲ್ಕು ಗಂಟೆ ಆಗಿಲ್ಲ, ಮನಸ್ಸು ಬದಲಾಯಿಸಿದ. ಕೆಲಸ ಮುಗೀತು, ಮನುಷ್ಯನೂ ಮುಗಿದ. ಇನ್ನು ನಾನೂ ಅವನ ಕಡೆ ತಿರುಗಿ ನೋಡಿದ್ರೆ ಕೇಳಿ.'

ದಿನಕ್ಕೆ ನಾಲ್ಕು ಸಲ ತಿರುಗಿ ನೋಡುತ್ತಿದ್ದಳು. ಆರು ವಾರ ಹೀಗೇ ಕಳೆಯಿತು.

ಅತ್ತ ಚಿಕ್ಕಮ್ಮ, ಹಾಕಿದ ಗುರುತು ಸರಿಯೇ ಎಂದು ತಿಳಿಯಲು, ಇನ್ನೂರ ಹದಿನಾಲ್ಕು ಜನರಿಗೂ ಮತ್ತೆ ಫೋನ್ ಮಾಡುತ್ತಿದ್ದರು. ಮಂಡನೆಗೆ ಮೂರು ದಿನವಿದ್ದಾಗ ಪಟ್ಟಿ ಮುಗಿಯಿತು.

"ಬರಕೋ. 'ಬಿಡಿ' ಅಂದವರು ಈಗಲೂ ಬಿಡಿ. 'ಇರಿ' ಅಂದವರಲ್ಲಿ ಐವತ್ತೆಂಟು ಜನ ಬರ್ತಾರಂತೆ. ನಾನು ಹೇಳ್ಲಿಲ್ವಾ?"

ಪ್ರಬಂಧ ಉಳಿಯಿತು! "ಬಾಲ ಇಲ್ಲದವರು?"

"ಮೂವತ್ತೇಳು ಜನ ಬರಲ್ಲ. ನಾಲ್ಕು ಜನ ಬರ್ತೀವಿ ಅಂದ್ರು. ಅದ್ರಲ್ಲೊಬ್ಬಳು, ಪಾಪ… 'ಅವತ್ತೇ ಯಾಕಮ್ಮಾ ಹೇಳ್ಲಿಲ್ಲ' ಅಂದ್ರೆ, 'ನನ್ನನ್ನ ಯಾರಾದ್ರೂ ಕೆಲಸಕ್ಕೆ ಕರೀತಾರೆ ಅಂತ ನಂಬಿಕೇನೇ ಬರ್ಲಿಲ್ಲಮ್ಮ. ಇನ್ನೊಂದ್ಸಲ ಕೇಳ್ತೀರೇನೋ ಅಂತ ಕಾದೆ. ನೀವು ಫೋನ್ ಇಟ್ಬಿಟ್ರಿ' ಅಂದಳು ಕಣೇ. ಮೂವತ್ತೆರಡು ವರ್ಷದ ಸರ್ವೀಸಲ್ಲಿ ನನಗೆ ಇಷ್ಟು ನಾಚಿಕೆ ಆಗಿರ್ಲಿಲ್ಲ."

ಅವಳು ಬರೆಯುವುದನ್ನು ನಿಲ್ಲಿಸಿದಳು.

"ಯಾಕೇ ಸುಮ್ಮನಾದೆ?"

"ಚಿಕ್ಕಮ್ಮಾ… ಅವನು ನನ್ನ ಕೇಳಿದ್ದ. ಜೊತೆಗಿರಬಹುದಾ ಅಂತ."

"ಅಯ್ಯೋ ಶಿವನೇ! ನೀನೇನಂದೆ?"

"ನೋಡೋಣ ಅಂದೆ."

"ಬಿಡಿ ಅಂದ್ಯಾ, ಇರಿ ಅಂದ್ಯಾ?"

"ಏನೂ ಇಲ್ಲ. ಬರೀ ನೋಡೋಣ."

ಚಿಕ್ಕಮ್ಮ ನಿಟ್ಟುಸಿರು ಬಿಟ್ಟರು. "ಊರಿನವರ ಲೈನೆಲ್ಲ ನಾನು ಸೇರಿಸಿದೆ. ನಮ್ಮನೆ ಹುಡುಗಿ ಬಂದ ಲೈನ್ ಕತ್ತರಿಸಿಕೊಂಡು ಕೂತಿದಾಳೆ."

*

ಅದೇ ಕೋಣೆ, ಅದೇ ಪರದೆ. ಈ ಸಲ ಮುಂದಿನ ಸಾಲಿನಲ್ಲಿ ಪರೀಕ್ಷಾ ಮಂಡಳಿಯ ಐವರು. ಎರಡನೇ ಕಿವಿಯಾಗಿದ್ದವನು ಹಾಜರಿರಲೇಬೇಕಾದ್ದರಿಂದ ಅವನೂ ಗೋಡೆಗೊರಗಿ ಕೂತಿದ್ದ. ಅವಳತ್ತ ನೋಡುತ್ತಿರಲಿಲ್ಲ.

ಅವಳು ಶುರುಮಾಡಿದಳು. ಬಿಡಿ, ಇರಿ ಎಂಬ ಎರಡು ಪದಗಳನ್ನು ಪರದೆಯ ಮೇಲೆ ಕನ್ನಡದಲ್ಲೇ ಬರೆದಿದ್ದಳು. ಮಂಡಳಿಯ ಅಧ್ಯಕ್ಷರು ಅವನ್ನು ಉಚ್ಚರಿಸಲು ಹೋಗಿ ಸೋತರು. ಅವಳು ಅವರಿಗೆ ಹೇಳಿಕೊಟ್ಟಳು. ಅವಳ ದನಿ ಒಮ್ಮೆಯೂ ಅಲುಗಲಿಲ್ಲ.

"ಒಂದು ತಪ್ಪೊಪ್ಪಿಗೆ ಇದೆ," ಎಂದಳು ಕೊನೆಯಲ್ಲಿ. "ಬಾಲವಿಲ್ಲದ ಉತ್ತರಗಳನ್ನೆಲ್ಲ 'ಇಲ್ಲ' ಎಂದು ಬರೆದೆವು. ನಾಲ್ಕು ಕಡೆ ನಮ್ಮ ನಿಯಮ ತಪ್ಪಾಯಿತು."

ಗೋಡೆಯ ಬದಿಯಿಂದ ಒಂದು ಕೈ ನಿಧಾನವಾಗಿ ಮೇಲೆದ್ದಿತು. ಆ ನಾಲ್ವರ ಸುದ್ದಿ ಅವನಿಗೆ ಹೊಸದು.

"ಆದರೆ ಅವರು ಹಾಗೆ ಯಾಕೆ ಹೇಳಿದರು? ಮನಸ್ಸಿದ್ದರೆ ಹೌದು ಅನ್ನಬಹುದಿತ್ತಲ್ಲ?"

ಅವಳು ಮಂಡಳಿಯತ್ತ ನೋಡಲಿಲ್ಲ. ನೇರ ಅವನನ್ನೇ ನೋಡಿದಳು.

"ತಮ್ಮನ್ನು ಯಾರಾದರೂ ಕೇಳುತ್ತಾರೆಂದು ಅವರು ಎಣಿಸಿರಲಿಲ್ಲ. ಹೌದು ಎನ್ನುವ ಧೈರ್ಯಕ್ಕೆ ಸ್ವಲ್ಪ ಹೊತ್ತು ಬೇಕಿತ್ತು. ಇನ್ನೊಮ್ಮೆ ಕೇಳಲಿ ಎಂದು ಕಾದರು. ಕೇಳಿದವರು 'ಸರಿ' ಎಂದು ಹೊರಟುಹೋದರು." ಅವಳು ಉಸಿರೆಳೆದುಕೊಂಡಳು. "ಹೆಂಗಸರಿಗೆ ಕೆಲಸ ಬೇಡ ಎಂದು ಪುಸ್ತಕಗಳಲ್ಲಿ ಬರೆದಿದೆ. ಎರಡನೇ ಸಲ ಯಾರೂ ಕೇಳಲಿಲ್ಲ ಎಂದು ನನ್ನ ಪ್ರಬಂಧ ಹೇಳುತ್ತದೆ."

ಅವನ ಪೆನ್ನು ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಅವನು ಬಗ್ಗಲಿಲ್ಲ.

ಮಂಡಳಿ ಹತ್ತು ನಿಮಿಷ ಕೂಡ ತೆಗೆದುಕೊಳ್ಳಲಿಲ್ಲ. ಐದಕ್ಕೆ ಐದೂ ಒಪ್ಪಿಗೆ. ಅಧ್ಯಕ್ಷರು ಎದ್ದು ಕೈಕುಲುಕಿ, ಇದನ್ನು ಪುಸ್ತಕ ಮಾಡಲೇಬೇಕು ಎಂದರು. ಗೈಡ್ ಎರಡೂ ಕಣ್ಣು ಅಗಲ ತೆರೆದುಕೊಂಡು ತಲೆಯಾಡಿಸಿದರು. ಹೀಗೆ ವಿಭಾಗದ ಹಳೆಯ ವಿವಾದವೊಂದೂ ಬಗೆಹರಿಯಿತು.

ಅಭಿನಂದನೆಗಳ ನಡುವಿನಿಂದ ತಪ್ಪಿಸಿಕೊಂಡು ಅವಳು ಕಾರಿಡಾರಿಗೆ ಬಂದಳು. ಕಿಟಕಿಯ ಹತ್ತಿರ ಅವನು ನಿಂತಿದ್ದ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ.

"ಆರು ವಾರ ದಡ್ಡನ ಹಾಗೆ ಅಲೆದೆ," ಎಂದ.

"ಇಬ್ಬರೂ ಅಲೆದ್ವಿ. ನಾನು ಇನ್ನೊಂದು ಪದ ಸೇರಿಸಿದ್ರೆ ಆಗಿತ್ತು."

"ಆ ಕಾಲೇಜಿಂದ ನಿನ್ನೆ ಕಾಗದ ಬಂತು. ಕೆಲಸ ಸಿಕ್ಕಿದೆ. ಬೇಡ ಅಂತ ಬರೆದುಬಿಡ್ತೀನಿ."

"ಯಾಕೆ ಬರೀತೀರಾ? ಎರಡು ಗಂಟೆ ದಾರಿ. ನಿಮ್ಮ ಪ್ರಶ್ನೆಗಳು ಶುರುವಾದ್ರೆ ಸೆಮಿನಾರೇ ಅದಕ್ಕಿಂತ ಉದ್ದ ಆಗುತ್ತೆ. ರೈಲಲ್ಲಿ ಬನ್ನಿ. ನಾನೂ ಬರ್ತೀನಿ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ನೆಟ್ಟಗೆ ನಿಂತ. "ಹಾಗಾದ್ರೆ ಎರಡನೇ ಸಲ ಕೇಳ್ತೀನಿ. ಕೊನೇತನಕ ನಾನು ನಿಮ್ಮ…"

"ಹೂಂ."

"ಪ್ರಶ್ನೆ ಇನ್ನೂ ಮುಗಿದಿಲ್ಲ."

"ಉತ್ತರ ಮುಗಿದಿದೆ. ಹೂಂ. ಹೌದು. ಒಪ್ಪಿಗೆ. ಇನ್ನೇನಾದ್ರೂ ಅನುಮಾನ?"

ಅವನು ಅವಳ ಕೈ ಹಿಡಿದುಕೊಂಡ. "ನೀವು ಇವತ್ತು ಅಲ್ಲಿ ನಿಂತು ಮಾತಾಡಿದ್ದು ನೋಡಿ ನನಗೆ…" ಎಂದು ಶುರುಮಾಡಿದ.

"'ನೀವು' ಬೇಡ," ಎಂದಳು ಅವಳು. "ಬಹುವಚನ ಪರೀಕ್ಷಾ ಮಂಡಳಿಗೆ ಇರಲಿ."

ಅವನು ಎರಡು ಸಲ ಬಾಯಿ ತೆರೆದು ಮುಚ್ಚಿದ. ಹದಿನಾಲ್ಕು ಜನರ ಮುಂದೆ ಅವಳ ಪ್ರಬಂಧ ಒಡೆದವನಿಗೆ ಒಂದು ಸರ್ವನಾಮ ಬದಲಿಸಲು ಬೆವರು ಬಂತು.

"ನೀನು…" ಎಂದ ಕೊನೆಗೆ, ಪಿಸುದನಿಯಲ್ಲಿ. "ನೀನು ಗೆದ್ದೆ."

"ನಾವು ಅನ್ನು," ಎಂದಳು ಅವಳು.