ರಟ್ಟಿನ ಆಚೆ

ನಮ್ಮಿಬ್ಬರ ಮೈಕ್ರೋಸ್ಕೋಪುಗಳ ನಡುವೆ ಒಂದು ರಟ್ಟು ನಿಲ್ಲಿಸಿದ್ದರು. ಒಬ್ಬರು ಬರೆದ ಅಂಕ ಇನ್ನೊಬ್ಬರಿಗೆ ಕಾಣಬಾರದು ಎಂದು.

ಮೆಡಿಕಲ್ ಓದಿನ ಮೂರು ವರ್ಷ ಮುಗಿಸಿ, ನಡುವೆ ಒಂದು ವರ್ಷ ಸಂಶೋಧನೆಯ ಡಿಗ್ರಿಗೆಂದು ಮೈಸೂರಿನವಳಾದ ನಾನು ಅಮೆರಿಕದ ಎಮರಿವಿಲ್‌ನ ಆ ಲ್ಯಾಬಿಗೆ ಬಂದಿದ್ದೆ. ಕುಶಲ್ ಕೂಡ ಹಾಗೇ ಬಂದವನು. ಶ್ವಾಸಕೋಶ ಗಟ್ಟಿಯಾಗಿ ಸತ್ತವರ ಅಂಗಾಂಶದ ನಾನೂರ ಹನ್ನೆರಡು ಸ್ಲೈಡುಗಳು. ಒಂದೊಂದನ್ನೂ ಇಬ್ಬರೂ ಬೇರೆ ಬೇರೆಯಾಗಿ ನೋಡಿ, ಎಷ್ಟು ಕಲೆಗಟ್ಟಿದೆ ಎಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಇಬ್ಬರ ಅಂಕ ಹೊಂದಿದರೆ ಮಾತ್ರ ಅದನ್ನು ನಂಬುವುದು.

"ಏ ಮೈಸೂರು, ಊಟಕ್ಕ ಬರ್ತೀಯೋ ಇಲ್ಲೋ?"

ರಟ್ಟಿನ ಮೇಲೆ ಕುಶಲ್‌ನ ಎರಡು ಕಣ್ಣು ಏಳುತ್ತಿದ್ದವು. ಅಲ್ಲೇ ಹತ್ತಿರದ ಪ್ಲೆಸೆಂಟನ್‌ನಲ್ಲಿ ಹುಟ್ಟಿದ ಹುಡುಗ. ಸಾಕಿದ್ದು ಹುಬ್ಬಳ್ಳಿಯ ಅಜ್ಜಿ ತಾಯಮ್ಮ. ಹಾಗಾಗಿ ಅವನ ಕನ್ನಡ ಅಜ್ಜಿಯದು, ಉಚ್ಚಾರ ಅಮೆರಿಕದ್ದು.

"ಅಜ್ಜಿ ಥರ ಮಾತಾಡ್ತೀಯ ಕಣೋ."

"ನೀ ನಗಲಿ ಅಂತನ ಮಾತಾಡ್ತೀನಿ."

ನಗುತ್ತಿದ್ದೆ. ದಿನವಿಡೀ ಸತ್ತವರನ್ನು ನೋಡುವ ಆ ಕೋಣೆಯಲ್ಲಿ ನಾನು ಕಾಯುತ್ತಿದ್ದದ್ದು ಆ ಎರಡು ಕಣ್ಣುಗಳಿಗೆ.

ಮೊದಲ ನಲವತ್ತು ಸ್ಲೈಡಿನಲ್ಲಿ ನಮ್ಮ ಅಂಕ ಹೊಂದಲೇ ಇಲ್ಲ. ಲ್ಯಾಬಿನ ಪ್ರೊಫೆಸರ್ ರಮಾ ತಾವೂ ಕೆಲವು ಸ್ಲೈಡು ನೋಡಿ, ತಪ್ಪು ನನ್ನದೆಂದು ಕಂಡು, ನನ್ನನ್ನು ಕರೆದು, "ಇನ್ನೊಂದ್ಸಲ ಹೀಗಾದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ಹಾಕ್ಬೇಕಾಗತ್ತೆ ಗಾರ್ಗಿ" ಎಂದರು. ಅಂದು ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಅತ್ತೆ. ಕುಶಲ್ ಮೂರು ರೈಲು ಬಿಟ್ಟು ಪಕ್ಕದಲ್ಲೇ ಕೂತಿದ್ದ.

ಆಮೇಲೆ ಅಂಕಗಳು ಹೊಂದತೊಡಗಿದವು. ನನ್ನ ಕಣ್ಣು ಪಳಗಿತು ಎಂದುಕೊಂಡೆ. ಏಪ್ರಿಲ್‌ನಲ್ಲಿ ಲೆಕ್ಕ ಬಂತು: ಆ ಮೊದಲ ನಲವತ್ತು ಬಿಟ್ಟು ಉಳಿದದ್ದರಲ್ಲಿ ನೂರಕ್ಕೆ ತೊಂಬತ್ತೇಳು ಹೊಂದಿಕೆ. ರಮಾ ಮೇಡಂ ಕೇಕು ತರಿಸಿದರು.

ಮರುದಿನ ನನ್ನ ನೋಟ್‌ಬುಕ್ ತಿರುವುತ್ತಿದ್ದೆ. ಮೊದಲು ಅದರಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ಹಾಕುವುದು ನನ್ನ ಅಭ್ಯಾಸ. ಒಂದು ಪುಟದಲ್ಲಿ ಹನ್ನೊಂದು ಅಂಕಗಳನ್ನು ಒಂದೊಂದು ಸಾಲು ಕೆಳಗೆ ಬರೆದುಬಿಟ್ಟಿದ್ದೆ. ಕಂಪ್ಯೂಟರಿನಲ್ಲಿ ಸರಿಪಡಿಸಿದ್ದೆ, ನೋಟ್‌ಬುಕ್ಕಿನಲ್ಲಿ ಹಾಗೇ ಬಿಟ್ಟಿದ್ದೆ. ಏನೋ ಅನುಮಾನ ಬಂದು, ಲೆಕ್ಕ ಮುಗಿದು ಈಗ ಇಬ್ಬರಿಗೂ ಸಿಗುತ್ತಿದ್ದ ಕುಶಲ್‌ನ ಪಟ್ಟಿ ತೆರೆದೆ.

ಅವೇ ಹನ್ನೊಂದು ಅಂಕ, ಅಲ್ಲೂ ಒಂದು ಸಾಲು ಕೆಳಗೆ.

ನಾನು ಊಟ ಬಿಸಿ ಮಾಡಲು ಹೋದಾಗಲೆಲ್ಲ ನೋಟ್‌ಬುಕ್ ಮೇಜಿನ ಮೇಲೇ ಇರುತ್ತಿತ್ತು.

ಪಾರ್ಕಿಂಗ್ ಲಾಟಿನಲ್ಲಿ ಅವನನ್ನು ನಿಲ್ಲಿಸಿ ಕೇಳಿದೆ. "ನನ್ನದು ನೋಡಿ ಬರೆದ್ಯಾ?"

ಅವನು ಸುಳ್ಳು ಹೇಳಲಿಲ್ಲ. "ಹೂಂ. ಮೊದಲಿನ ನಲವತ್ತು ಬಿಟ್ಟು ಎಲ್ಲಾ."

"ಯಾಕೋ?"

"ನಿನ್ನ ತಗದುಬಿಡ್ತಿದ್ರು. ನೀ ಇಲ್ದ ಆ ರೂಮಿನ್ಯಾಗ ನಾ ಹೆಂಗ ಕೂಡಲಿ? ಐ ಲವ್ ಯೂ, ಗಾರ್ಗಿ."

ಎಂಟು ತಿಂಗಳು ಕಾದಿದ್ದ ಮಾತು. ಕೇಳಿ ಖುಷಿಪಡುವ ಭಾಗ್ಯವೂ ನನಗಿರಲಿಲ್ಲ.

"ನಂದು ತಪ್ಪು ಅಂತ ಗೊತ್ತಿತ್ತಾ ನಿಂಗೆ?"

"ಕಲೆ ಇರೋದಕ್ಕಿಂತ ಜಾಸ್ತಿ ಅಂತ ಬರೀತಿದ್ದಿ. ಗೊತ್ತಿತ್ತು."

"ಒಂದೇ ಒಂದ್ಸಲ ಹೇಳಿದ್ರೆ ಕಲಿತಿದ್ದೆ! ಅವರೆಲ್ಲ ಸತ್ತುಹೋಗಿದ್ದಾರೆ ಕುಶಲ್. ಕೊನೇದಾಗಿ ಕೊಟ್ಟುಹೋಗಿದ್ದು ಆ ಸ್ಲೈಡಿನಲ್ಲಿರೋದಷ್ಟೇ."

ಅವನನ್ನು ಅಲ್ಲೇ ಬಿಟ್ಟು ನಡೆದೆ.

ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರಬಹುದಿತ್ತು. ಪೇಪರ್ ಬರುತ್ತಿತ್ತು, ಇಬ್ಬರಿಗೂ ಡಿಗ್ರಿ ಸಿಗುತ್ತಿತ್ತು, ಮದುವೆಯೂ ಆಗುತ್ತಿತ್ತೇನೋ. ಆದರೆ ಆ ಅಂಕಗಳನ್ನು ನಂಬಿ ಯಾವನೋ ಡಾಕ್ಟರು ಯಾರಿಗೋ ಔಷಧ ಕೊಡುತ್ತಾನೆ. ಇಡೀ ದಿನ ನನ್ನನ್ನೇ ಬೈದುಕೊಂಡು, ಮಾರನೆಯ ಬೆಳಿಗ್ಗೆ ಎರಡೂ ಪಟ್ಟಿ ಹಿಡಿದು ರಮಾ ಮೇಡಂ ಬಾಗಿಲು ತಟ್ಟಿದೆ.

ಕುಶಲ್‌ನ ಡಿಗ್ರಿ ರದ್ದಾಯಿತು. ಮುಂದೆ ಅವನು ಡಾಕ್ಟರಾಗಬಹುದೋ ಇಲ್ಲವೋ ಎಂಬುದನ್ನು ಅವನ ಕಾಲೇಜು ತೀರ್ಮಾನಿಸುತ್ತದಂತೆ. ನನ್ನ ವರ್ಷವೂ ಹೋಯಿತು. ಸರಿಯಾಗಿ ನೋಡಲು ಕಲಿತು, ಹೊಸಬರ ಜೊತೆ ಮೊದಲ ಸ್ಲೈಡಿನಿಂದ ಶುರುಮಾಡಬೇಕು.

ಸಾಮಾನು ಒಯ್ಯಲು ಅವನು ಬಂದ ದಿನ ಸ್ಟೇಷನ್‌ವರೆಗೂ ಜೊತೆಗೆ ಹೋದೆ. ಅವನ ಪೆಟ್ಟಿಗೆಯಲ್ಲಿ ಒಂದು ಮಗ್ಗು, ಒಂದು ಸ್ವೆಟರು. ಅದೇ ಬೆಂಚು.

"ಕುಶಲ್, ನಾನು ಮಾಡಿದ್ದು ತಪ್ಪಾ?"

ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿದ್ದವು.

"ಇಲ್ಲ. ಸರಿ ಮಾಡಿದಿ. ಈ ಉತ್ತರ ನಿಂದು ನೋಡಿ ಬರದಿದ್ದಲ್ಲ."

ಅವನ ರೈಲು ಬಂತು. ಬಾಗಿಲವರೆಗೂ ಹೋಗಿ ತೋಳು ಹಿಡಿದೆ.

"ಅವತ್ತು ಪಾರ್ಕಿಂಗ್ ಲಾಟಲ್ಲಿ ಒಂದು ಮಾತು ಹೇಳಿದ್ಯಲ್ಲ. ನಂದೂ ಅದೇ ಉತ್ತರ ಕಣೋ, ಮೊದಲ ದಿನದಿಂದ. ನಾನೂ ನಿಂದು ನೋಡಿ ಬರೆದಿದ್ದಲ್ಲ."

ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಆ ಎರಡು ಕಣ್ಣು ತುಂಬಿ ಬಂದದ್ದು ಕಂಡಿತು. ನಾನು ಲ್ಯಾಬಿಗೆ ಹಿಂತಿರುಗಿ, ಒಂದನೇ ಸ್ಲೈಡು ತೆಗೆದುಕೊಂಡೆ.